ಎಳೆ ಪೈನ್ ಗಿಡಗಳ ಕೆಳಗೆ: ಕತಿನ್ ಹತ್ಯಾಕಾಂಡ ಮತ್ತು ಮಿತ್ರರ ಮೌನ

1940ರ ಏಪ್ರಿಲ್ 30. ರಷ್ಯಾದ ಸ್ಮೊಲೆನ್ಸ್ಕ್ ನಗರಕ್ಕೆ ಸಮೀಪದ ಗ್ನೆಜ್ದೊವೊ ಎಂಬ ಸಣ್ಣ ನಿಲ್ದಾಣದಲ್ಲಿ ಕೈದಿಗಳನ್ನು ತುಂಬಿಕೊಂಡು ಬಂದ ರೈಲೊಂದು ನಿಂತಿತು. ಒಳಗಿದ್ದವರು ಪೋಲೆಂಡಿನ ಸೇನಾಧಿಕಾರಿಗಳು. ಕಾವಲಿನವರು ಅವರಲ್ಲಿ ಒಬ್ಬನನ್ನು ಮಾತ್ರ ಹೆಸರು ಹಿಡಿದು ಕರೆದು, ಖಾಲಿ ಡಬ್ಬಿಯೊಂದಕ್ಕೆ ಹಾಕಿ ಬೀಗ ಜಡಿದರು. ಅವನ ಹೆಸರು ಸ್ಟಾನಿಸ್ಲಾವ್ ಸ್ವಿಯಾನೆವಿಚ್. ಯುದ್ಧಕ್ಕೆ ಮೊದಲು ವಿಲ್ನೊ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು. ಅವನು ಡಬ್ಬಿಯ ಮೇಲಿನ ಹಲಗೆಗೆ ಹತ್ತಿ, ಚಾವಣಿಯ ಬಳಿ ಇದ್ದ ಸಣ್ಣ ಕಿಂಡಿಯಿಂದ ಹೊರಗೆ ನೋಡಿದ.

ಕಿಟಕಿಗಳಿಗೆಲ್ಲ ಸುಣ್ಣ ಬಳಿದಿದ್ದ ಬಸ್ಸೊಂದು ಹಿಮ್ಮುಖವಾಗಿ ಬಂದು ರೈಲಿನ ಬಾಗಿಲಿಗೆ ಹತ್ತಿಕೊಂಡು ನಿಂತಿತು. ನೆಲಕ್ಕೆ ಕಾಲಿಡಲೂ ಬಿಡದೆ ಕೈದಿಗಳನ್ನು ನೇರವಾಗಿ ಅದರೊಳಗೆ ಹತ್ತಿಸಿದರು. ಬಸ್ಸು ಹೊರಟಿತು. ಸುಮಾರು ಅರ್ಧ ಗಂಟೆಯಲ್ಲಿ ಖಾಲಿಯಾಗಿ ಮರಳಿತು. ಮತ್ತೆ ತುಂಬಿಕೊಂಡಿತು, ಮತ್ತೆ ಹೋಯಿತು. ಇಷ್ಟು ಬೇಗ ಹೋಗಿ ಬರಬೇಕಾದರೆ ಆ ಜಾಗ ಹತ್ತಿರದಲ್ಲೇ ಇರಬೇಕು ಎಂದು ಸ್ವಿಯಾನೆವಿಚ್ ಲೆಕ್ಕ ಹಾಕಿದ. ಅದು ಯಾವ ಜಾಗ, ಅಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಗೂಢಚಾರಿಕೆಯ ಆರೋಪದ ಮೇಲೆ ಅವನನ್ನು ಮಾಸ್ಕೋದ ಸೆರೆಮನೆಗೆ ಸಾಗಿಸಿದರು. ಆ ಆರೋಪವೇ ಅವನ ಜೀವ ಉಳಿಸಿತು. ಬಸ್ಸು ಹತ್ತಿದ ಅವನ ಸಂಗಾತಿಗಳು ಕತಿನ್ ಕಾಡಿನ ಗುಂಡಿಗಳಲ್ಲಿ ಸೇರಿಹೋದರು.

ಅವರನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಮೂರೇ ವರ್ಷಗಳಲ್ಲಿ ಉತ್ತರ ಸಿಕ್ಕಿತ್ತು. ಆ ಉತ್ತರ ಲಂಡನ್ ಮತ್ತು ವಾಷಿಂಗ್ಟನ್ನಿನ ಕಡತಗಳಲ್ಲೂ ಇತ್ತು. ಆದರೂ ಕೊಂದ ದೇಶ ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳಲು 50 ವರ್ಷ ಹಿಡಿಯಿತು. ಅಲ್ಲಿಯವರೆಗೆ ಸತ್ಯ ಗೊತ್ತಿದ್ದವರು ಏನು ಮಾಡಿದರು ಎಂಬುದು ಪೋಲೆಂಡಿಗೆ ಎಷ್ಟು ಸೇರಿದ ಕತೆಯೋ, ಪಾಶ್ಚಾತ್ಯ ದೇಶಗಳಿಗೂ ಅಷ್ಟೇ ಸೇರಿದ ಕತೆ.

ಒಂದು ಸಹಿ, ಮೂರು ಶಿಬಿರಗಳು

1939ರ ಆಗಸ್ಟ್ 23ರಂದು ಹಿಟ್ಲರನ ಜರ್ಮನಿ ಮತ್ತು ಸ್ಟಾಲಿನ್ನನ ಸೋವಿಯತ್ ಒಕ್ಕೂಟ ಪರಸ್ಪರ ಯುದ್ಧ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಅದರ ರಹಸ್ಯ ಭಾಗದಲ್ಲಿ ಪೋಲೆಂಡನ್ನು ಹಂಚಿಕೊಳ್ಳುವ ಮಾತಿತ್ತು. ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ನುಗ್ಗಿತು. 17ರಂದು ಪೂರ್ವದಿಂದ ಕೆಂಪು ಸೇನೆ ಬಂತು. ಸೆರೆಸಿಕ್ಕ ಪೋಲಿಷ್ ಅಧಿಕಾರಿಗಳನ್ನು ಸೋವಿಯತ್ ಗುಪ್ತ ಪೊಲೀಸ್ ಸಂಸ್ಥೆಯಾದ ಎನ್‌ಕೆವಿಡಿ ಮೂರು ವಿಶೇಷ ಶಿಬಿರಗಳಲ್ಲಿ ಕೂಡಿಹಾಕಿತು. ಕೊಜೆಲ್ಸ್ಕ್ ಮತ್ತು ಸ್ತಾರೊಬೆಲ್ಸ್ಕ್‌ಗಳಲ್ಲಿ ಸೇನೆಯವರು, ಒಸ್ತಾಶ್ಕೊವ್‌ನಲ್ಲಿ ಹೆಚ್ಚಾಗಿ ಪೊಲೀಸರು.

ಇವರೆಲ್ಲ ವೃತ್ತಿಯಿಂದ ಸೈನಿಕರಲ್ಲ. ಪೋಲೆಂಡಿನಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ಗಂಡಸರು ಮೀಸಲು ಪಡೆಯ ಅಧಿಕಾರಿಗಳಾಗುವುದು ಕಡ್ಡಾಯವಾಗಿತ್ತು. ಹೀಗಾಗಿ ಯುದ್ಧದ ಕರೆ ಬಂದಾಗ ವೈದ್ಯರು, ವಕೀಲರು, ಎಂಜಿನಿಯರುಗಳು, ಮೇಷ್ಟ್ರುಗಳು, ಪ್ರಾಧ್ಯಾಪಕರು ಸಮವಸ್ತ್ರ ತೊಟ್ಟು ಹೊರಟಿದ್ದರು. ಕತಿನ್‌ನಲ್ಲಿ ಸತ್ತವರಲ್ಲಿ ಒಬ್ಬ ಹೆಂಗಸೂ ಇದ್ದಳು: ವಿಮಾನ ಚಾಲಕಿ ಯಾನಿನಾ ಲೆವಾಂದೋವ್ಸ್ಕಾ. ಈ ಶಿಬಿರಗಳಲ್ಲಿದ್ದದ್ದು ಪೋಲೆಂಡಿನ ಓದಿದ ವರ್ಗದ ದೊಡ್ಡದೊಂದು ಭಾಗ. ಮುಂದೊಮ್ಮೆ ದೇಶವನ್ನು ಮತ್ತೆ ಕಟ್ಟಬಲ್ಲವರು ಅವರೇ. ಸ್ಟಾಲಿನ್ನನಿಗೆ ಅವರು ಬೇಡವಾಗಿದ್ದರೆ ಅದಕ್ಕೆ ಕಾರಣವೂ ಅದೇ.

1940ರ ಮಾರ್ಚ್‌ನಲ್ಲಿ ಎನ್‌ಕೆವಿಡಿಯ ಮುಖ್ಯಸ್ಥ ಬೆರಿಯಾ ಒಂದು ಟಿಪ್ಪಣಿ ಮಂಡಿಸಿದ. ಇವರು ತಿದ್ದಲಾಗದ ಶತ್ರುಗಳು. ಕರೆಸಿ ವಿಚಾರಿಸದೆ, ಆರೋಪಪಟ್ಟಿ ತೋರಿಸದೆ ಗುಂಡಿಕ್ಕಬೇಕು ಎಂಬುದು ಅದರ ಸಾರ. ಮಾರ್ಚ್ 5ರಂದು ಪಾಲಿಟ್‌ಬ್ಯೂರೊ ಒಪ್ಪಿತು. ಟಿಪ್ಪಣಿಯ ಮೊದಲ ಪುಟದ ಮೇಲೆ ಅಡ್ಡಲಾಗಿ ಸ್ಟಾಲಿನ್ನನ ಸಹಿಯಿದೆ. ಅದರ ಕೆಳಗೆ ವೊರೊಶಿಲೊವ್, ಮೊಲೊಟೊವ್, ಮಿಕೊಯಾನ್.

ಏಪ್ರಿಲ್ ಮೊದಲಿಗೆ ಶಿಬಿರಗಳು ಖಾಲಿಯಾಗತೊಡಗಿದವು. ಕೊಜೆಲ್ಸ್ಕ್‌ನವರನ್ನು ಕತಿನ್ ಕಾಡಿನಲ್ಲಿ ಹೂತರು. ಸ್ತಾರೊಬೆಲ್ಸ್ಕ್‌ನವರನ್ನು ಹಾರ್ಕಿವ್ ನಗರದಲ್ಲಿ, ಒಸ್ತಾಶ್ಕೊವ್‌ನವರನ್ನು ಇಂದು ಟ್ವೆರ್ ಎನ್ನಿಸಿಕೊಳ್ಳುವ ಕಲಿನಿನ್ ನಗರದಲ್ಲಿ, ಎನ್‌ಕೆವಿಡಿ ಕಟ್ಟಡಗಳ ಒಳಗೇ ಕೊಂದರು. ಸಾಮಾನ್ಯವಾಗಿ ತಲೆಯ ಹಿಂಭಾಗಕ್ಕೆ ಒಂದೇ ಗುಂಡು. 1959ರಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಶೆಲೆಪಿನ್ ಬರೆದ ಟಿಪ್ಪಣಿಯ ಪ್ರಕಾರ ಉಕ್ರೇನ್, ಬೆಲಾರುಸ್‌ಗಳ ಸೆರೆಮನೆಗಳಲ್ಲಿ ಇದ್ದವರೂ ಸೇರಿ ಒಟ್ಟು 21,857 ಮಂದಿ. ಕತಿನ್‌ನಲ್ಲಿ ಸತ್ತವರು 4,421. ಆದರೆ ಮೊದಲು ಪತ್ತೆಯಾದದ್ದು ಕತಿನ್. ಹಾಗಾಗಿ ಇಡೀ ಹತ್ಯಾಕಾಂಡಕ್ಕೆ ಆ ಕಾಡಿನ ಹೆಸರೇ ಅಂಟಿತು.

ಅದೇ ಏಪ್ರಿಲ್‌ನಲ್ಲಿ ಈ ಕೈದಿಗಳ ಹೆಂಡತಿ ಮಕ್ಕಳನ್ನು ರಾತ್ರೋರಾತ್ರಿ ಎಬ್ಬಿಸಿ ಕಜಾಕಿಸ್ತಾನಕ್ಕೆ ಸಾಗಿಸಲಾಯಿತು. ಶಿಬಿರಗಳಿಂದ ಬರುತ್ತಿದ್ದ ಕಾಗದಗಳು ನಿಂತುಹೋದವು. ಮನೆಯವರು ಬರೆದವು ವಾಪಸು ಬಂದವು.

ಕಾಣೆಯಾದವರನ್ನು ಹುಡುಕುತ್ತ

1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ಬಿದ್ದ. ನಿನ್ನೆಯ ಶತ್ರು ಇಂದಿನ ಮಿತ್ರನಾದ. ಲಂಡನ್ನಿನಲ್ಲಿದ್ದ ಪೋಲೆಂಡಿನ ದೇಶಭ್ರಷ್ಟ ಸರ್ಕಾರದ ಪ್ರಧಾನಿ ಜನರಲ್ ಸಿಕೋರ್ಸ್ಕಿ ಜುಲೈನಲ್ಲಿ ಮಾಸ್ಕೋ ಜೊತೆ ಒಪ್ಪಂದ ಮಾಡಿಕೊಂಡ. ಸೋವಿಯತ್ ನೆಲದಲ್ಲಿದ್ದ ಪೋಲಿಷ್ ಕೈದಿಗಳನ್ನು ಬಿಟ್ಟು, ಅವರಿಂದ ಒಂದು ಸೇನೆ ಕಟ್ಟುವುದೆಂದಾಯಿತು. ಸೇನೆಯ ಹೊಣೆ ಹೊತ್ತವನು ಜನರಲ್ ಆಂಡರ್ಸ್. ಸೈಬೀರಿಯಾದಿಂದ, ಕಜಾಕಿಸ್ತಾನದಿಂದ ಬಡಕಲಾದ ಜನ ಬಂದು ಸೇರಿಕೊಂಡರು. ಅಧಿಕಾರಿಗಳು ಮಾತ್ರ ಬರಲಿಲ್ಲ.

ಮೂರು ಶಿಬಿರಗಳಿಂದ ಬದುಕುಳಿದ ಸುಮಾರು 400 ಮಂದಿಯಲ್ಲಿ ಯೂಜೆಫ್ ಚಾಪ್ಸ್ಕಿ ಎಂಬ ಚಿತ್ರಕಾರನೂ ಒಬ್ಬ. ಉಳಿದವರನ್ನು ಹುಡುಕುವ ಕೆಲಸ ಅವನ ಪಾಲಿಗೆ ಬಂತು. ಅವನು ಕಚೇರಿಯಿಂದ ಕಚೇರಿಗೆ ಅಲೆದ. ಎಲ್ಲ ಕಡೆ ಹಾರಿಕೆಯ ಉತ್ತರ. ಡಿಸೆಂಬರ್ 3ರಂದು ಸಿಕೋರ್ಸ್ಕಿ ಮತ್ತು ಆಂಡರ್ಸ್ ಕ್ರೆಮ್ಲಿನ್‌ನಲ್ಲಿ ಸ್ಟಾಲಿನ್ನನನ್ನೇ ಕೇಳಿದರು. ಅವರು ತಪ್ಪಿಸಿಕೊಂಡು ಹೋಗಿದ್ದಾರೆ ಎಂದ ಅವನು. ಎಲ್ಲಿಗೆ? ಬಹುಶಃ ಮಂಚೂರಿಯಾಕ್ಕೆ. ಅವರನ್ನು ಕೊಲ್ಲುವ ಆದೇಶಕ್ಕೆ ಸಹಿ ಹಾಕಿದ ಕೈ ಅದೇ.

1942ರಲ್ಲಿ ಆಂಡರ್ಸನ ಸೇನೆ ಮತ್ತು ಅದರ ಜೊತೆಗಿದ್ದ ಸಾಮಾನ್ಯ ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದರು. ಅಲ್ಲಿಂದ ನಿರಾಶ್ರಿತರ ಒಂದು ಭಾಗ ಭಾರತಕ್ಕೂ ಬಂತು. ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಗೆ ಹೆಚ್ಚೇನೂ ದೂರವಿಲ್ಲದ, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನರಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಸ್ಟಾಲಿನ್ ಗಡೀಪಾರು ಮಾಡಿದ್ದ ಅಧಿಕಾರಿಗಳ ಕುಟುಂಬದವರೂ ಅವರಲ್ಲಿದ್ದರು. ಸಾವಿನ ಖಾತರಿಯೂ ಇಲ್ಲದೆ, ಬದುಕಿನ ಭರವಸೆಯೂ ಇಲ್ಲದೆ ಕಾಯುತ್ತಿದ್ದ ಮನೆಗಳು ಪೋಲೆಂಡಿನಲ್ಲಿ ಮಾತ್ರ ಇರಲಿಲ್ಲ.

ಸುಳ್ಳುಗಾರನ ಬಾಯಿಂದ ಬಂದ ನಿಜ

1943ರ ಏಪ್ರಿಲ್ 13ರಂದು ಬರ್ಲಿನ್ ರೇಡಿಯೊ ಒಂದು ಸುದ್ದಿ ಬಿತ್ತರಿಸಿತು. ಜರ್ಮನ್ನರ ಹಿಡಿತದಲ್ಲಿದ್ದ ಸ್ಮೊಲೆನ್ಸ್ಕ್ ಬಳಿಯ ಕಾಡಿನಲ್ಲಿ ಪೋಲಿಷ್ ಅಧಿಕಾರಿಗಳ ಸಾಮೂಹಿಕ ಸಮಾಧಿಗಳು ಸಿಕ್ಕಿವೆ, ಕೊಂದವರು ಸೋವಿಯತ್ತರು ಎಂದಿತು. ಎರಡು ದಿನ ಕಳೆದು ಮಾಸ್ಕೋ ಉತ್ತರಿಸಿತು: 1941ರಲ್ಲಿ ಆ ಪ್ರದೇಶ ಜರ್ಮನ್ನರ ಕೈಗೆ ಬಿದ್ದ ಮೇಲೆ ಅವರೇ ಕೊಂದಿದ್ದಾರೆ.

ಸುದ್ದಿಯನ್ನು ಹಬ್ಬಿಸಿದವನು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್. ಸತ್ತ ಪೋಲಿಷರ ಬಗ್ಗೆ ಅವನಿಗೆ ಕಿಂಚಿತ್ತೂ ಮರುಕವಿರಲಿಲ್ಲ. ಮಿತ್ರಪಕ್ಷಗಳ ನಡುವೆ ಬಿರುಕು ಬೀಳಬೇಕಿತ್ತು, ಅಷ್ಟೆ. ಸುದ್ದಿ ಹೊರಬಿದ್ದು ಒಂದು ವಾರ ಕಳೆಯುವ ಮೊದಲೇ, ಏಪ್ರಿಲ್ 19ರಂದು, ವಾರ್ಸಾದ ಯಹೂದಿ ಕೇರಿಯಲ್ಲಿ ಉಳಿದಿದ್ದವರನ್ನು ಮುಗಿಸಲು ಜರ್ಮನ್ ಪಡೆ ನುಗ್ಗಿತು. ಪೋಲೆಂಡಿನಲ್ಲಿ ಲಕ್ಷಗಟ್ಟಲೆ ಜನರನ್ನು ಕೊಲ್ಲುತ್ತಿದ್ದವರೇ ಪೋಲೆಂಡಿನ ಹೆಣಗಳ ಮುಂದೆ ನಿಂತು ಕಣ್ಣೀರು ಸುರಿಸುತ್ತಿದ್ದರು. ಅವರ ಮಾತನ್ನು ಯಾರೂ ನಂಬಬೇಕಾಗಿರಲಿಲ್ಲ. ಆದರೆ ಈ ಒಂದು ವಿಷಯದಲ್ಲಿ ಅವರು ಹೇಳಿದ್ದು ನಿಜವಾಗಿತ್ತು.

ಸಾಕ್ಷ್ಯ ಮಣ್ಣಿನಲ್ಲೇ ಇತ್ತು. ಜರ್ಮನಿ ಕರೆಸಿದ ವಿದೇಶಿ ವೈದ್ಯರ ತಂಡವಲ್ಲದೆ ಪೋಲಿಷ್ ರೆಡ್ ಕ್ರಾಸ್‌ನ ತಂಡವೂ ಅಲ್ಲಿ ಕೆಲಸ ಮಾಡಿತು. ಹೆಣಗಳ ಜೇಬುಗಳಲ್ಲಿ ಸಿಕ್ಕ ಕಾಗದ, ಪತ್ರಿಕೆ, ದಿನಚರಿಗಳೆಲ್ಲ 1940ರ ವಸಂತಕ್ಕೆ ನಿಂತಿದ್ದವು. ಮೇಜರ್ ಆದಮ್ ಸೋಲ್ಸ್ಕಿಯ ದಿನಚರಿ ಏಪ್ರಿಲ್ 9ರವರೆಗೆ ಇತ್ತು. ಕಾಡಿಗೆ ತಂದು ಇಳಿಸಿದ್ದನ್ನು, ತಪಾಸಣೆ ಮಾಡಿದ್ದನ್ನು ಅವನು ಬರೆದಿಟ್ಟಿದ್ದ. ಮುಂದೆ ಏನೂ ಇರಲಿಲ್ಲ. ಸೋವಿಯತ್ತರು ಹೇಳಿದಂತೆ ಬೇಸಿಗೆಯ ಕೊನೆಯಲ್ಲಿ ಸತ್ತಿದ್ದರೆ ಮೈಮೇಲೆ ಚಳಿಗಾಲದ ಕೋಟುಗಳೇಕೆ ಎಂಬ ಪ್ರಶ್ನೆ ಎದ್ದಿತು. ಸಮಾಧಿಗಳ ಮೇಲೆ ಎಳೆಯ ಪೈನ್ ಗಿಡಗಳನ್ನು ನೆಟ್ಟಿದ್ದರು. ಅವನ್ನು ಬೇರೆ ಕಡೆಯಿಂದ ಕಿತ್ತು ತಂದು ನೆಟ್ಟು ಮೂರು ವರ್ಷವಾಗಿದೆ ಎಂದು ಕಾಂಡದ ಉಂಗುರಗಳನ್ನು ನೋಡಿದ ಅರಣ್ಯಾಧಿಕಾರಿ ಹೇಳಿದ. ಕೊಂದ ಗುಂಡುಗಳು ಮಾತ್ರ ಜರ್ಮನಿಯಲ್ಲಿ ತಯಾರಾದವು. ಗೋಬೆಲ್ಸನಿಗೆ ಅದೇ ಚಿಂತೆ. ಆದರೆ ಯುದ್ಧಕ್ಕೆ ಮೊದಲು ಆ ಗುಂಡುಗಳು ಸೋವಿಯತ್ ಒಕ್ಕೂಟಕ್ಕೂ ರಫ್ತಾಗಿದ್ದವು.

ಇಡೀ ವಿವಾದ ಕೊನೆಗೆ ಒಂದು ಅಂಕಿಗೆ ಬಂದು ನಿಂತಿತು. ಸತ್ತದ್ದು 1940ರಲ್ಲಾದರೆ ಕೊಂದವನು ಸ್ಟಾಲಿನ್. 1941ರಲ್ಲಾದರೆ ಹಿಟ್ಲರ್.

ಇಂಗ್ಲೆಂಡಿನ ಒಳ್ಳೆಯ ಹೆಸರು

ಸಿಕೋರ್ಸ್ಕಿ ಚರ್ಚಿಲ್ಲನ ಬಳಿಗೆ ಹೋದ. ಅವರು ಸತ್ತಿದ್ದರೆ ನೀವು ಏನು ಮಾಡಿದರೂ ತಿರುಗಿ ಬರುವುದಿಲ್ಲ ಎಂಬರ್ಥದ ಮಾತನ್ನು ಚರ್ಚಿಲ್ ಹೇಳಿದ. ಪೋಲಿಷ್ ಸರ್ಕಾರ ಸುಮ್ಮನಿರಲಾಗದೆ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ತನಿಖೆ ನಡೆಸಲಿ ಎಂದು ಕೇಳಿತು. ಅದೇ ಹೊತ್ತಿಗೆ ಜರ್ಮನಿಯೂ ಕೇಳಿತ್ತು. ಸ್ಟಾಲಿನ್ನನಿಗೆ ಅಷ್ಟೇ ಸಾಕಾಯಿತು. ಪೋಲಿಷರು ಹಿಟ್ಲರನ ಜೊತೆ ಸೇರಿ ಪಿತೂರಿ ಮಾಡುತ್ತಿದ್ದಾರೆಂದು ಹೇಳಿ ಏಪ್ರಿಲ್ 25ರಂದು ಸಂಬಂಧ ಕಡಿದುಕೊಂಡ. ಅದಕ್ಕೆ ಒಂದು ದಿನ ಮೊದಲು ಚರ್ಚಿಲ್ ಸ್ಟಾಲಿನ್ನನಿಗೆ ಕಾಗದ ಬರೆದು, ಜರ್ಮನ್ ಹಿಡಿತದ ನೆಲದಲ್ಲಿ ಅಂಥ ತನಿಖೆಯನ್ನು ತಾನು ಬಲವಾಗಿ ವಿರೋಧಿಸುವುದಾಗಿ ತಿಳಿಸಿದ್ದ.

ಚರ್ಚಿಲ್ಲನ ಇಕ್ಕಟ್ಟು ಸಣ್ಣದಾಗಿರಲಿಲ್ಲ. ಸ್ಟಾಲಿನ್‌ಗ್ರಾಡ್ ಕದನ ಮುಗಿದು ಮೂರು ತಿಂಗಳೂ ಆಗಿರಲಿಲ್ಲ. ಯುರೋಪಿನ ನೆಲದ ಮೇಲೆ ಜರ್ಮನ್ ಸೇನೆಯ ಬಹುಪಾಲನ್ನು ತಡೆದು ನಿಂತಿದ್ದದ್ದು ಕೆಂಪು ಸೇನೆ. ಬ್ರಿಟನ್ ಮತ್ತು ಅಮೆರಿಕದ ಪಡೆಗಳು ಫ್ರಾನ್ಸಿನ ತೀರದಲ್ಲಿ ಇಳಿಯಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. ಸ್ಟಾಲಿನ್ ಇಲ್ಲದೆ ಹಿಟ್ಲರನನ್ನು ಸೋಲಿಸುವ ದಾರಿ ಕಾಣುತ್ತಿರಲಿಲ್ಲ. ಆ ದಿನ ಬಾಯಿ ಮುಚ್ಚಿಕೊಂಡದ್ದನ್ನು ಹೇಡಿತನ ಎಂದು ತಳ್ಳಿಹಾಕುವುದು ಸುಲಭವಲ್ಲ.

ಇದನ್ನು ಎಲ್ಲರಿಗಿಂತ ಪ್ರಾಮಾಣಿಕವಾಗಿ ಬರೆದಿಟ್ಟವನು ಪೋಲಿಷ್ ದೇಶಭ್ರಷ್ಟ ಸರ್ಕಾರಕ್ಕೆ ಬ್ರಿಟನ್ನಿನ ರಾಯಭಾರಿಯಾಗಿದ್ದ ಓವೆನ್ ಓಮ್ಯಾಲಿ. 1943ರ ಮೇ 24ರ ವರದಿಯಲ್ಲಿ ಅವನು ಸಿಕ್ಕ ಪುರಾವೆಗಳನ್ನು ಒಂದೊಂದಾಗಿ ತೂಗಿ ನೋಡಿ, ಅವೆಲ್ಲ ಸೋವಿಯತ್ತರ ಕಡೆಗೇ ಬೆರಳು ತೋರುತ್ತವೆ ಎಂದ. ಸ್ಟಾಲಿನ್ ಜೊತೆಗಿನ ಮೈತ್ರಿ ಮುರಿಯಿರಿ ಎಂದು ಅವನು ಹೇಳಲಿಲ್ಲ. ಮೌನದ ಅಗತ್ಯ ಅವನಿಗೆ ಗೊತ್ತಿತ್ತು. ಆದರೆ ಆ ಮೌನಕ್ಕೆ ಬೇರೆ ಹೆಸರು ಕೊಡಲು ಒಪ್ಪಲಿಲ್ಲ. ಕೊಲೆಗಾರರು ಸಮಾಧಿಯನ್ನು ಮುಚ್ಚಲು ಎಳೆ ಮರಗಳನ್ನು ಬಳಸಿದಂತೆ, ನಾವು ಕೊಲೆಯನ್ನು ಮುಚ್ಚಲು ಇಂಗ್ಲೆಂಡಿನ ಒಳ್ಳೆಯ ಹೆಸರನ್ನು ಬಳಸಿದ್ದೇವೆ ಎಂಬರ್ಥದಲ್ಲಿ ಬರೆದ. ಹೊರಗೆ ಏನೂ ಹೇಳಲಾಗದಿದ್ದರೂ ಒಳಗೆ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಬೇಡ ಎಂಬುದು ಅವನ ಕಳಕಳಿ.

ವರದಿ ಆಯ್ದ ಕೆಲವರ ಕೈಗೆ ಮಾತ್ರ ಹೋಯಿತು. ಆಗಸ್ಟ್‌ನಲ್ಲಿ ಚರ್ಚಿಲ್ ಅದರ ಒಂದು ಪ್ರತಿಯನ್ನು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಕಳಿಸಿದ. ಓದಿ ವಾಪಸು ಕೊಡಿ ಎಂದ. ಅಷ್ಟರಲ್ಲಿ ಸಿಕೋರ್ಸ್ಕಿ ಜುಲೈ 4ರಂದು ಜಿಬ್ರಾಲ್ಟರ್‌ನ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಅಟ್ಲಾಂಟಿಕ್‌ನ ಆಚೆಗೂ ಅದೇ ನಡೆಯಿತು. ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್, ರೂಸ್‌ವೆಲ್ಟನ ಆಪ್ತ ದೂತ ಜಾರ್ಜ್ ಅರ್ಲ್ 1944ರಲ್ಲಿ ಕತಿನ್‌ನ ಫೋಟೊಗಳನ್ನು ಅಧ್ಯಕ್ಷನ ಮುಂದಿಟ್ಟ. ಇದೆಲ್ಲ ಜರ್ಮನ್ ಪ್ರಚಾರ ಎಂಬ ಉತ್ತರ ಬಂತು. ಮರು ವರ್ಷ ಇದನ್ನು ಪ್ರಕಟಿಸಲು ಹೊರಟಾಗ ಅವನಿಗೆ ಲಿಖಿತ ತಡೆ ಬಂತು; ಆಮೇಲೆ ದೂರದ ಸಮೋವಾ ದ್ವೀಪಕ್ಕೆ ವರ್ಗವಾಯಿತು. ಜರ್ಮನ್ನರು 1943ರ ಮೇನಲ್ಲಿ ಕತಿನ್‌ಗೆ ಕರೆದೊಯ್ದಿದ್ದ ಅಮೆರಿಕದ ಯುದ್ಧಕೈದಿ ಕರ್ನಲ್ ವ್ಯಾನ್ ವ್ಲಿಯೆಟ್‌ಗೆ ಜರ್ಮನ್ನರ ಮೇಲೆ ಇನಿತೂ ನಂಬಿಕೆ ಇರಲಿಲ್ಲ. ಆದರೆ ಹೆಣಗಳ ಬೂಟು, ಬಟ್ಟೆಗಳು ಹೆಚ್ಚು ಸವೆದಿರಲಿಲ್ಲ. ಎರಡು ವರ್ಷ ಸೆರೆಯಲ್ಲಿ ಬದುಕಿದವರ ಬೂಟು ಹಾಗಿರುವುದಿಲ್ಲ ಎಂಬುದು ಸ್ವತಃ ಕೈದಿಯಾಗಿದ್ದ ಅವನಿಗೆ ಗೊತ್ತಿತ್ತು. ಬಿಡುಗಡೆಯಾದ ಕೂಡಲೇ, 1945ರ ಮೇನಲ್ಲಿ, ವಾಷಿಂಗ್ಟನ್ನಿನಲ್ಲಿ ವರದಿ ಕೊಟ್ಟ. ಅದರ ಮೇಲೆ ಪರಮ ರಹಸ್ಯ ಎಂಬ ಮುದ್ರೆ ಬಿತ್ತು. ಆಮೇಲೆ ಅದು ಕಾಣೆಯಾಯಿತು.

ಯುದ್ಧ ಮುಗಿದ ಮೇಲಿನ ಮೌನ

1946ರಲ್ಲಿ ನ್ಯೂರೆಂಬರ್ಗ್ ನ್ಯಾಯಮಂಡಳಿಯ ಮುಂದೆ ಸೋವಿಯತ್ ವಕೀಲರು ಕತಿನ್ ಕೊಲೆಗಳನ್ನೂ ನಾಜಿಗಳ ತಲೆಗೆ ಕಟ್ಟಲು ನೋಡಿದರು. ಜುಲೈನಲ್ಲಿ ಎರಡೂ ಕಡೆಯಿಂದ ಮೂವರು ಮೂವರು ಸಾಕ್ಷಿಗಳು ಬಂದು ಹೋದರು. ಆರೋಪ ನಿಲ್ಲಲಿಲ್ಲ. ಆದರೆ ತೀರ್ಪಿನಲ್ಲಿ ಕತಿನ್‌ನ ಹೆಸರೇ ಇಲ್ಲ. ಜರ್ಮನ್ನರು ಮಾಡಿಲ್ಲವಾದರೆ ಯಾರು ಮಾಡಿದರು ಎಂಬ ಪ್ರಶ್ನೆಯನ್ನು ಕೇಳಲು ಆ ಕೋಣೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ನ್ಯಾಯಪೀಠದಲ್ಲಿ ಸೋವಿಯತ್ ನ್ಯಾಯಾಧೀಶನೂ ಕುಳಿತಿದ್ದ.

ಐದು ವರ್ಷಗಳಲ್ಲಿ ಗಾಳಿ ತಿರುಗಿತು. ಶೀತಲ ಸಮರ ಬಂತು, ಕೊರಿಯಾ ಯುದ್ಧ ಬಂತು. ಅಮೆರಿಕದ ಕಾಂಗ್ರೆಸ್ 1951ರಲ್ಲಿ ಇಂಡಿಯಾನಾದ ರೇ ಮ್ಯಾಡೆನ್ ನೇತೃತ್ವದಲ್ಲಿ ತನಿಖಾ ಸಮಿತಿ ರಚಿಸಿತು. ಚಾಪ್ಸ್ಕಿ ಬಂದು ಹೇಳಿಕೆ ಕೊಟ್ಟ, ವ್ಯಾನ್ ವ್ಲಿಯೆಟ್ ಬಂದ. ಪೂರ್ವ ಯುರೋಪಿನಲ್ಲಿದ್ದ ತನ್ನವರಿಗೆ ತೊಂದರೆಯಾದೀತೆಂದು ಒಬ್ಬ ಸಾಕ್ಷಿ ಮುಖಕ್ಕೆ ಮುಸುಕು ಹಾಕಿಕೊಂಡೇ ಮಾತಾಡಿದ. 1952ರಲ್ಲಿ ಸಮಿತಿ ಒಮ್ಮತದಿಂದ ಎನ್‌ಕೆವಿಡಿಯೇ ಅಪರಾಧಿ ಎಂದಿತು, ಪ್ರಕರಣ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಲಿ ಎಂದಿತು. ಅದು ಹೋಗಲಿಲ್ಲ. ಒಂದು ಕಾಲಕ್ಕೆ ಅನನುಕೂಲವಾಗಿದ್ದ ಸತ್ಯ ಇನ್ನೊಂದು ಕಾಲಕ್ಕೆ ಅನುಕೂಲವಾಯಿತು. ಬಳಕೆ ಮುಗಿದ ಮೇಲೆ ಮತ್ತೆ ಕಪಾಟು ಸೇರಿತು.

ಬ್ರಿಟನ್ನಿನ ಕತೆ ಇನ್ನೂ ಮುಜುಗರದ್ದು. ಯುದ್ಧದ ನಂತರ ಪೋಲೆಂಡಿಗೆ ಮರಳಲಾಗದ ಸಾವಿರಾರು ಪೋಲಿಷ್ ಸೈನಿಕರು ಅಲ್ಲೇ ನೆಲೆಸಿದ್ದರು. ಅವರೂ ಅವರ ಬ್ರಿಟಿಷ್ ಗೆಳೆಯರೂ ಸೇರಿ ಲಂಡನ್ನಿನಲ್ಲಿ ಕತಿನ್ ಸ್ಮಾರಕ ನಿಲ್ಲಿಸಲು ಹೊರಟರು. ಮೊದಲು ಆರಿಸಿದ ಜಾಗಕ್ಕೆ ಅನುಮತಿ ಸಿಗಲಿಲ್ಲ. ಮಾಸ್ಕೋ ಪ್ರತಿಭಟಿಸಿತು. ಕೊನೆಗೆ 1976ರ ಸೆಪ್ಟೆಂಬರ್ 18ರಂದು ಗನರ್ಸ್‌ಬರಿ ಸ್ಮಶಾನದಲ್ಲಿ ಕಪ್ಪು ಕಲ್ಲಿನ ಕಂಬವೊಂದು ಎದ್ದು ನಿಂತಿತು. ಅದರ ಮೇಲೆ ಕತಿನ್ ಎಂಬ ಹೆಸರು, ಕೆಳಗೆ 1940 ಎಂಬ ಅಂಕಿ. ಆ ಅಂಕಿಯೇ ಸರ್ಕಾರಕ್ಕೆ ಕಸಿವಿಸಿ. ಸಮಾರಂಭಕ್ಕೆ ಬ್ರಿಟಿಷ್ ಸರ್ಕಾರ ಪ್ರತಿನಿಧಿಯನ್ನು ಕಳಿಸಲಿಲ್ಲ. ಸೇವೆಯಲ್ಲಿದ್ದ ಸೇನಾಧಿಕಾರಿಗಳು ಸಮವಸ್ತ್ರದಲ್ಲಿ ಹೋಗಬಾರದು ಎಂದಿತು. ಓಮ್ಯಾಲಿಯ ವರದಿ ಅಷ್ಟರಲ್ಲಾಗಲೇ ಸಾರ್ವಜನಿಕರ ಓದಿಗೆ ತೆರೆದುಕೊಂಡಿತ್ತು.

1943ರ ಮೌನಕ್ಕೆ ಹಿಟ್ಲರ್ ಕಾರಣವಾಗಿದ್ದ. 1976ರಲ್ಲಿ ಅವನು ಸತ್ತು 31 ವರ್ಷವಾಗಿತ್ತು. ಅನಿವಾರ್ಯದಿಂದ ಹುಟ್ಟಿದ ಮೌನ ಅನಿವಾರ್ಯ ಕಳೆದ ಮೇಲೂ ಉಳಿದುಕೊಂಡಿತು. ಒಮ್ಮೆ ಸುಮ್ಮನಿದ್ದ ಸರ್ಕಾರಕ್ಕೆ ಆಮೇಲೆ ಮಾತಾಡುವುದು ಇನ್ನೂ ಕಷ್ಟ. ಇಷ್ಟು ದಿನ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

ಪೋಲೆಂಡಿನೊಳಗೆ

ಲಂಡನ್ನಿನಲ್ಲಿ ಮುಜುಗರವಾಗಿದ್ದದ್ದು ವಾರ್ಸಾದಲ್ಲಿ ಅಪರಾಧವಾಗಿತ್ತು. ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಕತಿನ್‌ಗೆ ಸೋವಿಯತ್ತರನ್ನು ಹೊಣೆ ಮಾಡುವಂತಿರಲಿಲ್ಲ. ಗಂಡ, ತಂದೆ ಸತ್ತ ವರ್ಷವನ್ನು ನಿಜವಾಗಿ ಹೇಳುವುದೇ ರಾಜಕೀಯವಾಗಿತ್ತು. 1980ರ ಮಾರ್ಚ್ 21ರಂದು ಕ್ರಾಕೋವ್ ನಗರದ ಮುಖ್ಯ ಚೌಕದಲ್ಲಿ ವಾಲೆಂತಿ ಬಾದಿಲಾಕ್ ಎಂಬ ನಿವೃತ್ತ ಬೇಕರಿ ಕೆಲಸಗಾರ ಈ ಸುಳ್ಳನ್ನು ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. 1981ರ ಜುಲೈನಲ್ಲಿ, ಸಾಲಿಡಾರಿಟಿ ಚಳವಳಿಯ ದಿನಗಳಲ್ಲಿ, ವಾರ್ಸಾದ ಪೊವೊಂಜ್ಕಿ ಸ್ಮಶಾನದಲ್ಲಿ ಕೆಲವರು ಶಿಲುಬೆ ನಿಲ್ಲಿಸಿ ಅದರ ಮೇಲೆ 1940 ಎಂದು ಬರೆದರು. ಆ ರಾತ್ರಿಯೇ ಗುಪ್ತ ಪೊಲೀಸರು ಅದನ್ನು ಹೊತ್ತೊಯ್ದರು. 1985ರಲ್ಲಿ ಸರ್ಕಾರವೇ ಅಲ್ಲೊಂದು ಸ್ಮಾರಕ ಕಟ್ಟಿತು. ಇವರು ಹಿಟ್ಲರನ ಫ್ಯಾಸಿಸಂಗೆ ಬಲಿಯಾದವರು ಎಂದು ಅದರ ಮೇಲೆ ಬರೆಸಿತು.

ಚಿತ್ರ ನಿರ್ದೇಶಕ ಆಂದ್ಜೆ ವೈದಾನ ತಂದೆ ಹಾರ್ಕಿವ್‌ನಲ್ಲಿ ಕೊಲೆಯಾದವನು. ತಾಯಿ ಗಂಡನ ದಾರಿ ಕಾಯುತ್ತಲೇ 1950ರಲ್ಲಿ ತೀರಿಕೊಂಡಳು. ಸಾಲಿಡಾರಿಟಿಯ ಬಗ್ಗೆ ಸಿನಿಮಾ ಮಾಡಿ 1981ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ವೈದಾ ತನ್ನ ಮನೆಯ ಕತೆ ಹೇಳಲು 2007ರವರೆಗೆ ಕಾಯಬೇಕಾಯಿತು. ಆಗ ಅವನ ವಯಸ್ಸು 81. ಕತಿನ್ ಹೆಸರಿನ ಆ ಚಿತ್ರದ ಹೆಚ್ಚಿನ ಭಾಗ ಕೊಲೆಯ ಬಗ್ಗೆ ಅಲ್ಲ. ಕಾಯುವ ಹೆಂಗಸರ ಬಗ್ಗೆ, ಸಮಾಧಿಕಲ್ಲಿನ ಮೇಲೆ ಯಾವ ವರ್ಷ ಕೆತ್ತಿಸಬೇಕೆಂಬ ಜಗಳದ ಬಗ್ಗೆ. ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಹೊರಗಿನ ಬಹಳ ಜನರಿಗೆ ಈ ಹೆಸರು ಮೊದಲು ತಲುಪಿದ್ದು ಹಾಗೆ.

ಅಷ್ಟರೊಳಗೆ ಕಾಗದಪತ್ರಗಳು ಹೊರಬಿದ್ದಿದ್ದವು. 1990ರ ಏಪ್ರಿಲ್ 13ರಂದು, ಬರ್ಲಿನ್ ರೇಡಿಯೊದ ಸುದ್ದಿಗೆ 47 ವರ್ಷ ತುಂಬಿದ ದಿನ, ಗೊರ್ಬಚೇವ್ ಸರ್ಕಾರ ಎನ್‌ಕೆವಿಡಿಯ ತಪ್ಪನ್ನು ಒಪ್ಪಿಕೊಂಡಿತು. 1992ರ ಅಕ್ಟೋಬರ್‌ನಲ್ಲಿ ಯೆಲ್ಟ್‌ಸಿನ್‌ನ ದೂತ ಸ್ಟಾಲಿನ್ನನ ಸಹಿಯಿದ್ದ ಆ ಪುಟದ ಪ್ರತಿಯನ್ನು ವಾರ್ಸಾಕ್ಕೆ ತಂದು ಅಧ್ಯಕ್ಷ ವಲೆಂಸಾಗೆ ಕೊಟ್ಟ. 2010ರ ಏಪ್ರಿಲ್ 10ರಂದು ಕತಿನ್‌ನ 70ನೇ ವರ್ಷದ ಸ್ಮರಣೆಗೆ ಹೊರಟಿದ್ದ ಪೋಲಿಷ್ ಅಧ್ಯಕ್ಷ ಲೆಖ್ ಕಚಿನ್‌ಸ್ಕಿ ಸೇರಿ 96 ಮಂದಿ ಸ್ಮೊಲೆನ್ಸ್ಕ್ ಬಳಿ ವಿಮಾನ ಬಿದ್ದು ಸತ್ತರು. ಆ ವರ್ಷದ ಕೊನೆಗೆ ರಷ್ಯಾದ ಸಂಸತ್ತು, ಆದೇಶ ಸ್ಟಾಲಿನ್ನನದೇ ಎಂದು ನಿರ್ಣಯ ಮಾಡಿತು. 2012ರಲ್ಲಿ ಅಮೆರಿಕ ತನ್ನ ಕಡತಗಳನ್ನು ತೆರೆಯಿತು. ವ್ಯಾನ್ ವ್ಲಿಯೆಟ್ ಮತ್ತು ಅವನ ಸಂಗಾತಿ ಸೆರೆಯಲ್ಲಿದ್ದಾಗಲೇ ಸಂಕೇತ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದ್ದರು ಎಂಬುದು ಆಗ ಬೆಳಕಿಗೆ ಬಂತು.

ಇಲ್ಲಿಗೆ ಎಲ್ಲ ಮುಗಿಯಿತು ಎನ್ನುವಂತಿಲ್ಲ. ಒಸ್ತಾಶ್ಕೊವ್‌ನ ಕೈದಿಗಳನ್ನು ಕೊಂದ ಟ್ವೆರ್‌ನ ಆ ಕಟ್ಟಡ ಈಗ ವೈದ್ಯಕೀಯ ವಿಶ್ವವಿದ್ಯಾಲಯ. ಅಲ್ಲಿ ಏನು ನಡೆಯಿತೆಂದು ಹೇಳುವ ಫಲಕಗಳನ್ನು 1990ರ ದಶಕದ ಆರಂಭದಲ್ಲಿ ಗೋಡೆಗೆ ಹಾಕಿದ್ದರು. 2020ರ ಮೇ ತಿಂಗಳಲ್ಲಿ ಅವನ್ನು ಕಿತ್ತು ತೆಗೆದರು. ಗನರ್ಸ್‌ಬರಿಯ ಕಲ್ಲಿನ ಮೇಲೆ 1940 ಎಂಬ ಅಂಕಿ ಹಾಗೆಯೇ ಇದೆ.